ನೋಡಲಿಕ್ಕೆ ಹೋಗಲು ನೆಪ ಏಕೆ ಬೇಕು?

ಅಸುಂಡಿಯ ಹನ್ನೊಂದು ಜನ ಹೆಂಗಸರು ಈ ಚಳಿಗಾಲದಲ್ಲಿ ಮೂರು ದಿನದ ಮಟ್ಟಿಗೆ ಬೆಂಗಳೂರು ನೋಡಿ ಬರುವುದೆಂದು ಗೊತ್ತು ಮಾಡಿಕೊಂಡರು. ಗದಗಿನ ಮಗ್ಗುಲಿನ ಈ ಎರೆ ನೆಲದ ಊರಿನಲ್ಲಿ ಇದು ಸುದ್ದಿಯಾಗಬೇಕಾದ ಸಂಗತಿಯೇ ಅಲ್ಲ. ಆದರೆ ಆಯಿತು. ಹನ್ನೊಂದರಲ್ಲಿ ಏಳು ಜನ ನಮ್ಮವರು, ನಾಲ್ವರು ಲಿಂಗಾಯತರ ಮತ್ತು ಕುರುಬರ ಮನೆಯವರು. ‘ನಮ್ಮವರು’ ಎಂಬ ಈ ಲೆಕ್ಕ ನಾವು ಹಾಕಿದ್ದು. ಅವರೆಲ್ಲ ಒಂದೇ ಸ್ವಸಹಾಯ ಸಂಘದವರು, ಒಂದೇ ಸಾಲಿನಲ್ಲಿ ಬಾಗಿ ಹತ್ತಿ ಬಿಡಿಸುವವರು, ಅವರಿಗೆ ಈ ಲೆಕ್ಕದ ಅಗತ್ಯ ಬಿದ್ದಿರಲಿಲ್ಲ. ಗುಂಪಿನಲ್ಲಿ ಹಿರಿಯಳು ನಮ್ಮ ಖಾಲಾ, ಅರವತ್ತು ದಾಟಿದವಳು. ಕಿರಿಯಳು ಪಿಯುಸಿ ಮುಗಿಸಿ ಮನೆಯಲ್ಲಿ ಕುಳಿತಿರುವ ಹುಡುಗಿ, ಪಟ್ಟಿ ಬರೆಯುವ ಕೆಲಸ ಅವಳದು.

ಊರಿನ ಹಿರಿಯರೊಬ್ಬರು ಕಟ್ಟೆಯ ಮೇಲಿಂದ ಖಾಲಾಳನ್ನು ತಡೆದು ಕೇಳಿದರು:

“ಬೆಂಗಳೂರಿಗೆ ಯಾಕ ಹೊಂಟೀರಿ?”

“ನೋಡಾಕ.”

“ಯಾರನ್ನ ನೋಡಾಕ?”

“ಯಾರನ್ನೂ ಅಲ್ಲ. ಬೆಂಗಳೂರು ನೋಡಾಕ.”

ಆ ಹಿರಿಯರಿಗೆ ಇದು ಅರ್ಥವಾಗಲಿಲ್ಲ. ಅವರು ಕೆಟ್ಟವರಲ್ಲ. ಹೆಸರೂ ಬೇಡ, ಇಂಥವರು ಪ್ರತಿ ಊರಿನಲ್ಲೂ ಇದ್ದಾರೆ. ಖಾಲಾ ‘ಮದುವೆಗೆ’ ಎಂದಿದ್ದರೆ ಅವರು ದುಆ ಮಾಡಿ ಕಳಿಸುತ್ತಿದ್ದರು. ‘ದವಾಖಾನೆಗೆ’ ಎಂದಿದ್ದರೆ ಕಿಸೆಯಿಂದ ಐನೂರು ರೂಪಾಯಿ ತೆಗೆದು ಕೊಡುತ್ತಿದ್ದರು. ಮಯ್ಯತ್ತಿಗೆ ಎಂದಿದ್ದರೆ ತಾವೇ ಜೀಪು ಗೊತ್ತು ಮಾಡುತ್ತಿದ್ದರು. ಮಗಳ ಹೆರಿಗೆ, ತಂಗಿಯ ಜಗಳ, ಯಾವುದಾದರೂ ದರ್ಗಾದ ಉರುಸು, ಇವೆಲ್ಲವೂ ನಮ್ಮ ಹೆಂಗಸರು ಊರ ಅಗಸಿ ದಾಟಲು ಇರುವ ಪರವಾನಗಿಗಳು. ಇವುಗಳಲ್ಲಿ ಒಂದೂ ಇಲ್ಲದೆ, ಬರಿಯ ಕಣ್ಣು ತುಂಬ ನೋಡಲಿಕ್ಕೆ ಹೋಗುತ್ತೇನೆ ಎನ್ನುವ ಹೆಂಗಸು ಅವರ ಲೆಕ್ಕಕ್ಕೆ ಸಿಗುವುದಿಲ್ಲ. ಅವರ ಲೆಕ್ಕಕ್ಕೆ ಮಾತ್ರವಲ್ಲ. ಕತೆಗಳಲ್ಲಿ ಹೆಣ್ಣಿನ ಬಿಡುಗಡೆಯ ಬಗ್ಗೆ ಪುಟಗಟ್ಟಲೆ ಬರೆದ ನಮಗೂ ಖಾಲಾ ಮೊದಲು ಹೇಳಿದಾಗ ಬಾಯಿಗೆ ಬಂದದ್ದು ಅದೇ ಪ್ರಶ್ನೆ: “ಏನು ಕೆಲಸ ಖಾಲಾ?”

ಈ ಲೇಖನ ಆ ಪ್ರಶ್ನೆಯ ವಿರುದ್ಧ ಬರೆದದ್ದು. ನಮ್ಮ ವಿರುದ್ಧವೂ ಹೌದು.

ಖಾಲಾ ಬೆಂಗಳೂರಿಗೆ ಹೋಗಿಯೇ ಇಲ್ಲ ಎಂದಲ್ಲ. 2009ರಲ್ಲಿ ಚಾಚಾನ ಗಂಟಲಿನ ಗಡ್ಡೆಗಾಗಿ ಕಿದ್ವಾಯಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹತ್ತೊಂಬತ್ತು ದಿನ ಇದ್ದಳು. ಹತ್ತೊಂಬತ್ತು ದಿನದಲ್ಲಿ ಅವಳು ನೋಡಿದ ಬೆಂಗಳೂರು ಎಂದರೆ ಆಸ್ಪತ್ರೆಯ ಮೊಗಸಾಲೆ, ಔಷಧದ ಅಂಗಡಿ, ಎದುರಿನ ಚಹಾದ ಗಾಡಿ. ಚಾಚಾನನ್ನು ವಾಪಸು ಕರೆದುಕೊಂಡು ಬರುವ ದಿನ ಆಟೋದಲ್ಲಿ ಮೆಜೆಸ್ಟಿಕ್ಕಿಗೆ ಬರುವಾಗ ಒಂದು ಉದ್ದನೆಯ ಗೋಡೆ, ಅದರಾಚೆ ಭಾರಿ ಮರಗಳು ಕಂಡವಂತೆ. ಏನಿದು ಎಂದು ಕೇಳಿದಳು. ಆಟೋದವನು “ಲಾಲ್‌ಬಾಗ್ ಅಮ್ಮ” ಎಂದ. ಚಾಚಾನ ತಲೆ ಅವಳ ತೊಡೆಯ ಮೇಲಿತ್ತು. ಈಗ ಪಟ್ಟಿ ಬರೆಯುವ ಹುಡುಗಿ “ನಾನೀ, ನೀವೇನ್ ನೋಡ್ತೀರಿ?” ಎಂದಾಗ ಖಾಲಾ ತಡ ಮಾಡದೆ ಹೇಳಿದ್ದು ಒಂದೇ ಮಾತು: “ಆ ಗ್ವಾಡಿ ಒಳಗ ಏನೈತಿ, ಅದು.”

ಗೋಡೆಯೊಳಗೆ ಇರುವುದು ಹೈದರ್ ಅಲಿ 1760ರಲ್ಲಿ ಹಾಕಲು ಆರಂಭಿಸಿ ಟಿಪ್ಪು ಮುಂದುವರಿಸಿದ ತೋಟ. ಹೈದರ್, ಟಿಪ್ಪು ಹೆಸರೆತ್ತಿದರೆ ನಮ್ಮ ಗಂಡಸರ ಎದೆ ಎರಡು ಅಂಗುಲ ಉಬ್ಬುತ್ತದೆ. ವಾಟ್ಸಾಪಿನಲ್ಲಿ ಅವರ ಚಿತ್ರ ಹಾಕಿಕೊಂಡು ಬೀದಿಜಗಳಕ್ಕೂ ಸಿದ್ಧರಾಗುತ್ತೇವೆ. ಆ ಹೈದರನ ತೋಟವನ್ನು ನಮ್ಮ ಮನೆಯ ಮುದುಕಿಯೊಬ್ಬಳು ಒಳಹೊಕ್ಕು ನೋಡುತ್ತೇನೆ ಎಂದರೆ ಮಾತ್ರ ನಮಗೆ ಕಾರಣ ಬೇಕು!

ಅವರ ಯೋಜನೆ ಎಷ್ಟು ಜಾಣತನದ್ದು ಎಂಬುದನ್ನು ಓದುಗರು ತಿಳಿಯಬೇಕು. ಪ್ರವಾಸ ಎಂದರೆ ನಮ್ಮ ಪೇಟೆ ಜನಕ್ಕೆ ರಜೆ ಬಂದಾಗ ಬ್ಯಾಗು ಹೆಗಲಿಗೇರಿಸುವುದು. ಹೊಲದ ಹೆಂಗಸರಿಗೆ ರಜೆಯನ್ನು ಭೂಮಿ ಕೊಡಬೇಕು. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ಗುಂಪಿನಲ್ಲಿರುವ ಲಿಂಗಾಯತ ಹೆಣ್ಣುಮಗಳೊಬ್ಬಳಿಗೆ ಆಗಲೇ ಹೋಗಬೇಕೆಂಬ ಆಸೆ. ಅವಳ ಹೊಲದಲ್ಲಿ ಶೇಂಗಾ ಬೆಳೆಯುತ್ತಾರೆ, ಬೆಂಗಳೂರಿನವರು ಶೇಂಗಾಕ್ಕೂ ಜಾತ್ರೆ ಮಾಡುತ್ತಾರೆ ಎಂಬುದೇ ಅವಳಿಗೆ ಸೋಜಿಗ. ಆದರೆ ಆ ಹೊತ್ತಿಗೆ ಹತ್ತಿ ಒಡೆದು ನಿಂತಿರುತ್ತದೆ. ಬಿಡಿಸಿದ ಕಿಲೋ ಲೆಕ್ಕದಲ್ಲಿ ಕೂಲಿ ಸಿಗುವ ದಿನಗಳವು, ಬಿಟ್ಟು ಹೋಗುವಂತಿಲ್ಲ. ಎಳ್ಳಮಾಸಿಗೆ ಚರಗ ಚೆಲ್ಲುವ ಮನೆಗಳವರು ಊರಲ್ಲಿರಲೇಬೇಕು. ಜನವರಿ ಮುಗಿಯುತ್ತಿದ್ದಂತೆ ಕಡ್ಲಿ ಕೀಳಲು ಬರುತ್ತದೆ, ಅದರ ಬೆನ್ನಿಗೆ ಮೆಣಸಿನಕಾಯಿ, ಫೆಬ್ರವರಿಯಲ್ಲಿ ರಂಜಾನ್. ಇವೆಲ್ಲದರ ನಡುವೆ ಉಳಿಯುವುದು ಜನವರಿಯ ಕೆಲವೇ ದಿನ. ಗಣರಾಜ್ಯೋತ್ಸವದ ಹೊತ್ತಿಗೆ ಲಾಲ್‌ಬಾಗಿನಲ್ಲಿ ಹೂವಿನ ಪ್ರದರ್ಶನವೂ ಇರುತ್ತದೆ. ಯಾವ ಟೂರಿಸ್ಟ್ ಏಜೆಂಟನೂ ಇಷ್ಟು ಬಿಗಿಯಾದ ಪಂಚಾಂಗ ಹಾಕಲಾರ.

ಉಳಿದ ಪಟ್ಟಿಯೂ ಹಾಗೆಯೇ. ಟಿಪ್ಪುವಿನ ಕಾಲದಲ್ಲಿ, 1791ರಲ್ಲಿ ಕಟ್ಟಿ ಮುಗಿಸಿದ ಮರದ ಅರಮನೆ. ಮೆಜೆಸ್ಟಿಕ್ಕಿನಲ್ಲಿ ನೆಲದೊಳಗೆ ಇಳಿದು ಮೆಟ್ರೋ ಹತ್ತಿ ಒಂದು ಸುತ್ತು. ಕಬ್ಬನ್ ಪಾರ್ಕಿನಲ್ಲಿ ಕೂತು ರೊಟ್ಟಿ ಬಿಚ್ಚುವುದು. ಮತ್ತು ವಿಧಾನಸೌಧ. 2025ರ ಜೂನ್‌ನಿಂದ ಪ್ರವಾಸೋದ್ಯಮ ಇಲಾಖೆ ರಜಾ ದಿನಗಳಲ್ಲಿ ಜನರನ್ನು ಒಳಗೆ ಕರೆದೊಯ್ದು ತೋರಿಸುವ ಏರ್ಪಾಡು ಮಾಡಿತು. ಟಿಕೆಟ್ಟನ್ನು ಮೊಬೈಲಿನಲ್ಲೇ ಕಾಯ್ದಿರಿಸಬೇಕು. ಪಿಯುಸಿ ಹುಡುಗಿ ಇಲ್ಲದಿದ್ದರೆ ಈ ಹತ್ತು ಮಂದಿಗೆ ಆ ಬಾಗಿಲು ತೆರೆಯುತ್ತಲೇ ಇರಲಿಲ್ಲ ಎಂಬುದನ್ನು ಸರಕಾರದವರು ಗಮನಿಸಿದರೆ ಒಳ್ಳೆಯದು. 1956ರಲ್ಲಿ ಕಟ್ಟಿ ಮುಗಿದ ಆ ಸೌಧದ ಬಗ್ಗೆ ಖಾಲಾಳಿಗೆ ಇರುವ ಕುತೂಹಲ ಬೇರೆ ತರದ್ದು. “ಇಷ್ಟ್ ವರ್ಷ ನಾ ಓಟ್ ಹಾಕಿದವ್ರು ಅಲ್ಲೇ ಹೋಗಿ ಕುಂಡರತಾರಂತ. ಆ ಕುರ್ಚಿ ನೋಡಬೇಕು.” ಕುರ್ಚಿ ತೋರಿಸುತ್ತಾರೋ ಇಲ್ಲವೋ, ಕೇಳುವ ಹಕ್ಕು ಅವಳಿಗೆ ಇದೆ.

ಇನ್ನು ಖರ್ಚು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ಕಾರ್ಡು ತೋರಿಸಿದರೆ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಸೊನ್ನೆ ಟಿಕೆಟ್ಟು. ರಾಜಹಂಸ, ಸ್ಲೀಪರಿಗೆ ಇಲ್ಲ. ಸುಮಾರು ನಾನೂರು ಕಿಲೋಮೀಟರನ್ನು ರಾತ್ರಿಯಿಡೀ ಕುಳಿತೇ ಹೋಗಬೇಕು. ಹೋಗುತ್ತೇವೆ ಎನ್ನುತ್ತಾರೆ, ಹೊಲದಲ್ಲಿ ದಿನವಿಡೀ ಬಾಗಿದವರಿಗೆ ಕುಳಿತುಕೊಳ್ಳುವುದು ಕಷ್ಟವೇ? ಬೆಂಗಳೂರಿನ ಸಿಟಿ ಬಸ್ಸೂ ಪುಕ್ಕಟೆ, ಮೆಟ್ರೋ ಅಲ್ಲ. 2025ರ ಫೆಬ್ರವರಿಯಲ್ಲಿ ಅದರ ದರ ಏರಿ ಗರಿಷ್ಠ 90 ರೂಪಾಯಿ ಆಯಿತು ಎಂದು ಹುಡುಗಿ ಹೇಳಿದಾಗ, ಹಾಗಾದರೆ ಎರಡು ಸ್ಟೇಷನ್ ಸಾಕು ಎಂದು ಗೊತ್ತಾಯಿತು. ವಾರಕ್ಕೆ 50 ರೂಪಾಯಿಯಂತೆ ಎಲ್ಲರೂ ಒಂದು ಡಬ್ಬಿಗೆ ಹಾಕುತ್ತ ಬಂದಿದ್ದಾರೆ.

ಈ ಪುಕ್ಕಟೆ ಟಿಕೆಟ್ಟಿನ ಮೇಲೆ ಹಲವರಿಗೆ ಎಷ್ಟು ಸಿಟ್ಟಿದೆ ಎಂದರೆ, ಅದು ಅಸುಂಡಿಯ ಕಟ್ಟೆಯಿಂದ ಬೆಂಗಳೂರಿನ ಡ್ರಾಯಿಂಗ್ ರೂಮಿನವರೆಗೆ ಒಂದೇ ಭಾಷೆಯಲ್ಲಿ ಮಾತಾಡುತ್ತದೆ. 2023ರ ಜೂನ್ ತಿಂಗಳಲ್ಲಿ ಧರ್ಮಸ್ಥಳದ ಬಸ್ಸುಗಳಿಗೆ ಮುಗಿಬಿದ್ದ ಹೆಂಗಸರ ಚಿತ್ರಗಳನ್ನು ಎಷ್ಟು ಗೇಲಿ ಮಾಡಿದರು! ಹೆಂಡಂದಿರು ಮನೆ ಬಿಟ್ಟು ಹೋದರು, ಅಡುಗೆ ಯಾರು ಮಾಡುತ್ತಾರೆ ಎಂಬ ಹಾಸ್ಯಗಳು ಫೋನಿನಿಂದ ಫೋನಿಗೆ ಹಾರಿದವು. ಅವುಗಳಲ್ಲಿ ಹಿಂದೂ, ಮುಸ್ಲಿಂ ಎಂಬ ಭೇದವೇ ಇರಲಿಲ್ಲ, ಗಂಡಸರ ಕೋಮು ಸೌಹಾರ್ದ ಇಂಥ ಕಡೆ ಮಾತ್ರ ಗಟ್ಟಿಯಾಗಿರುತ್ತದೆ. ಬಿಟ್ಟಿ ಸಿಕ್ಕಿತೆಂದು ತಿರುಗುತ್ತಾರೆ ಎನ್ನುವವರೇ, ಮೂರು ದಶಕ ಹತ್ತಿ ಬಿಡಿಸಿದ ಬೆರಳುಗಳಿಗೆ ಈ ರಾಜ್ಯ ಎಷ್ಟು ಕೊಡಬೇಕಿತ್ತು, ಎಷ್ಟು ಕೊಟ್ಟಿತು ಎಂಬ ಲೆಕ್ಕವನ್ನು ಮೊದಲು ತೆಗೆಯಿರಿ. ಒಂದು ಬಸ್ಸಿನ ಸೀಟು ಆ ಬಾಕಿಯ ಬಡ್ಡಿಗೂ ಸಾಲದು. 2025ರ ಜುಲೈ ಹೊತ್ತಿಗೆ ಈ ಯೋಜನೆಯಲ್ಲಿ 500 ಕೋಟಿ ಪ್ರಯಾಣಗಳಾದವು ಎಂದು ಸರಕಾರ ಲೆಕ್ಕ ಕೊಟ್ಟಿತು. ಅದರಲ್ಲಿ ಕೂಲಿಗೆ, ಕಾಲೇಜಿಗೆ, ಆಸ್ಪತ್ರೆಗೆ ಹೋದದ್ದೇ ಹೆಚ್ಚಿರಬಹುದು. ಇರಲಿ. ಆದರೆ ಯೋಜನೆಯ ಬೆಂಬಲಿಗರೂ ಬರೆಯುವಾಗ ಅದನ್ನಷ್ಟೇ ಹೇಳಿ, ಹೆಂಗಸರು ಸುಮ್ಮನೆ ತಿರುಗುವುದಿಲ್ಲ ಎಂದು ಸಮರ್ಥನೆ ಕೊಡುತ್ತಾರಲ್ಲ, ಅದು ನಮಗೆ ಒಪ್ಪಿಗೆಯಿಲ್ಲ. ಸುಮ್ಮನೆ ತಿರುಗಿದರೆ ಏನಾಯಿತು?

ಈಗ ಧರ್ಮದ ಮಾತು. ಶುಕ್ರವಾರದ ನಮಾಜಿನ ಬಳಿಕ ಅಂಗಳದಲ್ಲಿ ಒಬ್ಬರು, “ಮೆಹರಮ್ ಇಲ್ಲದ ಸಫರ್ ಹರಾಮ್” ಎಂದರು. ನಾವು ಆಲಿಮರಲ್ಲ. ಉರ್ದು ಶಾಲೆಯಲ್ಲಿ ಓದಿ, ಆಮೇಲೆ ಕನ್ನಡದಲ್ಲಿ ಕಲಿತು, ಕತೆ ಬರೆದುಕೊಂಡಿರುವವರು. ಆದರೂ ಓದಿದ್ದನ್ನು ಹೇಳುತ್ತೇವೆ. ಮೆಹರಮ್ ಬಗೆಗಿನ ಹದೀಸುಗಳಲ್ಲಿ ಮೂರು ದಿನದ ದಾರಿ ಎಂದೂ ಇದೆ, ಎರಡು ದಿನ ಎಂದೂ ಇದೆ, ಒಂದು ಹಗಲು ಒಂದು ರಾತ್ರಿ ಎಂದೂ ಇದೆ. ದರೋಡೆಕೋರರ ಮರುಭೂಮಿಯ ದಾರಿಯನ್ನು ನೆನೆದು ಅವನ್ನು ಅರ್ಥೈಸಿದ ವಿದ್ವಾಂಸರಿದ್ದಾರೆ. ನಂಬಿಕಸ್ಥ ಹೆಂಗಸರ ಜತೆಯಿದ್ದರೆ ಹಜ್ಜಿಗೆ ಸಾಕು ಎಂದ ಮಜ್‌ಹಬ್‌ಗಳಿವೆ. ಬುಖಾರಿಯಲ್ಲೇ ಅದೀ ಬಿನ್ ಹಾತಿಮರ ಪ್ರಸಂಗ ಬರುತ್ತದೆ: ಹೀರಾ ಪಟ್ಟಣದಿಂದ ಹೊರಟ ಒಬ್ಬ ಹೆಂಗಸು ಅಲ್ಲಾಹನ ವಿನಾ ಯಾರ ಭಯವೂ ಇಲ್ಲದೆ ಕಾಬಾ ತಲುಪುವ ಕಾಲ ಬರುತ್ತದೆ ಎಂದು ಪ್ರವಾದಿಯವರು ಹೇಳಿದ್ದರು. ಅದನ್ನು ಅವರು ಹೇಳಿದ್ದು ಕೇಡಿನ ಮುನ್ಸೂಚನೆಯಾಗಿ ಅಲ್ಲ, ನೆಮ್ಮದಿಯ ಕಾಲದ ಗುರುತಾಗಿ.

ಇದನ್ನು ಒಪ್ಪದವರು ಇರಬಹುದು. ಅವರಿಗೆ ಇನ್ನೊಂದು ಪ್ರಶ್ನೆ. 2018ರಲ್ಲಿ ನಲವತ್ತೈದು ದಾಟಿದ ಹೆಂಗಸರು ನಾಲ್ವರ ಗುಂಪಾಗಿ ಮೆಹರಮ್ ಇಲ್ಲದೆ ಹಜ್ಜಿಗೆ ಹೋಗಬಹುದೆಂದು ನಮ್ಮ ದೇಶದಲ್ಲಿ ನಿಯಮ ಬಂತು. ಮೊದಲ ವರ್ಷವೇ ಸಾವಿರಕ್ಕೂ ಹೆಚ್ಚು ಜನ ಹೋದರು, 2023ರಲ್ಲಿ ಅಂಥವರ ಸಂಖ್ಯೆ ನಾಲ್ಕು ಸಾವಿರ ದಾಟಿತು. ಸಮುದ್ರ ದಾಟಿ ಮಕ್ಕಾಕ್ಕೆ ಹೋಗಬಹುದಾದ ಹೆಂಗಸು ತುಂಗಭದ್ರೆ ದಾಟಿ ಬೆಂಗಳೂರಿಗೆ ಹೋಗಬಾರದೇ? ಹಜ್ ಫರ್ಜ್, ಇದು ಬರೀ ಸೈರ್ ಎನ್ನುತ್ತೀರಿ. ಭೂಮಿಯ ಮೇಲೆ ಸಂಚರಿಸಿ ನೋಡಿರಿ ಎಂಬ ಅಪ್ಪಣೆ ಕುರ್‌ಆನಿನಲ್ಲಿ ಒಂದೆರಡು ಕಡೆಯಲ್ಲ, ಹಲವು ಕಡೆ ಇದೆ. ಸೈರ್ ಎಂಬ ಮಾತು ಬಂದದ್ದೂ ಆ ಧಾತುವಿನಿಂದಲೇ. ಅಲ್ಲಿ ಗಂಡಸರಿಗೆ ಮಾತ್ರ ಎಂದು ಕಂಸದಲ್ಲಿ ಸೇರಿಸಿದವರು ನಾವು.

ನಾವು ಗಂಡಸರು ಎಷ್ಟು ತಿರುಗುತ್ತೇವೆ! ನಲವತ್ತು ದಿನ, ನಾಲ್ಕು ತಿಂಗಳು ಎಂದು ಜಮಾತಿನಲ್ಲಿ ಹೊರಟುಬಿಡುತ್ತೇವೆ. ಹಿಂದೆ ಉಳಿದ ಹೆಂಗಸು ಒಬ್ಬಳೇ ರೇಶನ್ ತರುತ್ತಾಳೆ, ಜ್ವರದ ಮಗುವನ್ನು ಎತ್ತಿಕೊಂಡು ರಾತ್ರಿ ಗದಗಿಗೆ ಓಡುತ್ತಾಳೆ. ಆಗ ಅವಳ ಮೆಹರಮ್ ಎಲ್ಲಿದ್ದಾನೆ ಎಂದು ಯಾರೂ ಕೇಳುವುದಿಲ್ಲ. ಹುಡುಗರು ಡಿಸೆಂಬರ್ 31ಕ್ಕೆ ಗೋವಾಕ್ಕೆ ಬೈಕು ಹತ್ತುತ್ತಾರೆ, ಕಟ್ಟೆಯ ಹಿರಿಯರು ‘ಪ್ರಾಯ’ ಎಂದು ನಗುತ್ತಾರೆ. ಭಾಷಣಗಳಲ್ಲಿ ಇಬ್ನ್ ಬತೂತನ ಹೆಸರು ಹೇಳಿ ಮುಸ್ಲಿಮರು ಎಂಥ ಲೋಕ ಸಂಚಾರಿಗಳೆಂದು ಬೀಗುತ್ತೇವೆ. 1325ರಲ್ಲಿ ಮನೆ ಬಿಟ್ಟ ಆ ಮನುಷ್ಯ ನಮ್ಮ ಹೊನ್ನಾವರಕ್ಕೂ ಬಂದಿದ್ದ. ಅಲ್ಲಿ ಹೆಣ್ಣುಮಕ್ಕಳಿಗೆ ಹದಿಮೂರು ಶಾಲೆ, ಗಂಡುಮಕ್ಕಳಿಗೆ ಇಪ್ಪತ್ಮೂರು ಶಾಲೆ ಕಂಡೆ ಎಂದು ಬರೆದ. ಹೊಲಿಯದ ಬಟ್ಟೆಯನ್ನು ಸೊಂಟಕ್ಕೆ ಸುತ್ತಿ ತಲೆಗೆ ಹೊದ್ದ ಅಲ್ಲಿನ ಹೆಂಗಸರಿಗೆಲ್ಲ ಕುರ್‌ಆನ್ ಬಾಯಿಪಾಠ ಎಂದೂ ಬರೆದ. ಭಾಷಣಕಾರರು ಈ ಪುಟಗಳನ್ನು ಹಾರಿಸಿಬಿಡುತ್ತಾರೆ. ಭೋಪಾಲದ ಸಿಕಂದರ್ ಬೇಗಂ 1863ರಲ್ಲಿ ಹಜ್ ಯಾತ್ರೆ ಹೊರಟು, ಕಂಡದ್ದನ್ನೆಲ್ಲ ಬರೆದಿಟ್ಟಳು. ಜಿದ್ದಾದ ಕೊಳಕನ್ನೂ ಬಿಡದೆ ಬರೆದಳು. ಅವಳನ್ನೂ ಹಾರಿಸುತ್ತಾರೆ. ಬಂಗಾಳದ ರೊಕೆಯಾ 1931ರಲ್ಲಿ ಪರ್ದೆಯ ಹೆಂಗಸರ ಪಾಡನ್ನು ಸಣ್ಣ ಸಣ್ಣ ಪ್ರಸಂಗಗಳಾಗಿ ಬರೆದು ಪ್ರಕಟಿಸಿದಳು. ಅದರಲ್ಲಿ ರೈಲು ಬದಲಿಸುವಾಗ ಬುರ್ಖಾ ತೊಡರಿ ರೈಲಿನಡಿ ಬಿದ್ದ ಹೆಂಗಸೊಬ್ಬಳಿದ್ದಾಳೆ. ಪರಗಂಡಸರು ಮುಟ್ಟಬಾರದೆಂದು ಜತೆಗಿದ್ದವಳು ಅಡ್ಡ ನಿಂತಳು, ರೈಲು ಹರಿದು ಹೋಯಿತು. ಮರ್ಯಾದೆ ಉಳಿಯಿತು, ಹೆಂಗಸು ಉಳಿಯಲಿಲ್ಲ.

ಒಂದು ಮಾತನ್ನು ಮಾತ್ರ ನಾವು ತಳ್ಳಿಹಾಕುವುದಿಲ್ಲ. “ಕಾಲ ಕೆಟ್ಟೈತಿ, ಎಲ್ಲೆರೆ ಏನರೆ ಆದ್ರ?” ಎನ್ನುವ ಭಯ. ಇದು ಸುಳ್ಳು ಭಯವಲ್ಲ. 2022ರ ಫೆಬ್ರವರಿಯಲ್ಲಿ ಈ ರಾಜ್ಯದ ಕಾಲೇಜು ಗೇಟುಗಳ ಹೊರಗೆ ತಲೆವಸ್ತ್ರದ ಹುಡುಗಿಯರು ನಿಂತದ್ದನ್ನು ಎಲ್ಲರೂ ನೋಡಿದ್ದೇವೆ. ಪಿಯುಸಿ ಮುಗಿಸಿದ ಈ ಹುಡುಗಿಯನ್ನು ಮುಂದೆ ಓದಿಸದೆ ಮನೆಯಲ್ಲಿ ಕೂರಿಸಿದ್ದಕ್ಕೆ ಅವಳ ಅಪ್ಪ ಕೊಡುವ ಕಾರಣವೂ ಅದೇ. ನಾವೇ ಕೆಲವು ವರ್ಷಗಳ ಹಿಂದೆ ಒಂದು ದೊಡ್ಡ ಊರಿನ ಲಾಡ್ಜಿನಲ್ಲಿ ಹೆಸರು ಬರೆದ ಮೇಲೆ ‘ರೂಮು ಖಾಲಿ ಇಲ್ಲ’ ಎನಿಸಿಕೊಂಡು ಬಂದವರು. ಹೆಸರು ಬರೆಯುವ ಮೊದಲು ಖಾಲಿ ಇತ್ತು. ಗಂಡಸು ಜತೆಯಿಲ್ಲದ ಹೆಂಗಸರ ಗುಂಪಿಗೆ ಇದರ ಮೇಲೆ ಇನ್ನೊಂದು ಪ್ರಶ್ನೆ: “ಯಜಮಾನರು ಎಲ್ಲಿ?” ಕಟ್ಟೆಯ ಹಿರಿಯರದು, ಲಾಡ್ಜಿನ ಮ್ಯಾನೇಜರನದು ಒಂದೇ ಪ್ರಶ್ನೆ ನೋಡಿ.

ಆದರೆ ಭಯಕ್ಕೆ ಮದ್ದು ಏನು? ಹೊರಗಿನವರು ನಮ್ಮ ಹುಡುಗಿಯರನ್ನು ಗೇಟಿನ ಹೊರಗೆ ನಿಲ್ಲಿಸಿದರು. ಅದಕ್ಕೆ ಉತ್ತರವಾಗಿ ನಾವು ಅವರನ್ನು ಬಾಗಿಲ ಒಳಗೆ ನಿಲ್ಲಿಸುವುದೇ? ಎರಡೂ ಕಡೆಯವರು ಸೇರಿ ಒಂದೇ ಕೆಲಸ ಮಾಡಿದಂತಾಯಿತು. ಬೆಂಗಳೂರು ನಮ್ಮದೂ ಹೌದು ಎಂದು ಘೋಷಣೆ ಕೂಗಿದರೆ ಅದು ನಮ್ಮದಾಗುವುದಿಲ್ಲ. ಲಿಂಗಾಯತರ ಗೆಳತಿಯ ಕೈ ಹಿಡಿದು ರಸ್ತೆ ದಾಟಿ, ಕಬ್ಬನ್ ಪಾರ್ಕಿನಲ್ಲಿ ಕೂತು ಒಂದೇ ಡಬ್ಬಿಯ ಶೇಂಗಾ ಚಟ್ನಿ ತಿಂದು ಬಂದರೆ ಸ್ವಲ್ಪ ಆಗಬಹುದು.

ಈ ಪ್ರವಾಸ ತಡೆಯಲು ತೋರಿಸಿದ ಉತ್ಸಾಹದಲ್ಲಿ ಕಾಲು ಭಾಗವನ್ನು ನಮ್ಮ ಜಮಾತುಗಳು ಬೇರೆಡೆ ತೋರಿಸಬಹುದಿತ್ತು. ದೊಡ್ಡ ಊರುಗಳಲ್ಲಿ ಗಲ್ಲಿಗೊಂದು ಮಸೀದಿಯಿದೆ, ಅಮೃತಶಿಲೆಯ ನೆಲವಿದೆ, ತಣ್ಣೀರಿನ ಯಂತ್ರವಿದೆ. ಪರಊರಿಂದ ಬಂದ ಹೆಂಗಸು ಮೂತ್ರ ವಿಸರ್ಜನೆಗೆ ಹೋಗಲು, ವುಜೂ ಮಾಡಿ ಎರಡು ರಕಾತ್ ನಮಾಜು ಮಾಡಲು ಎಷ್ಟು ಕಡೆ ಜಾಗವಿದೆ? ಗಂಡಸು ಮುಸಾಫಿರ್ ಮಸೀದಿಯ ಜಗಲಿಯಲ್ಲಿ ಮಲಗಿ ರಾತ್ರಿ ಕಳೆಯಬಹುದು. ಖಾಲಾ ಆ ಹತ್ತೊಂಬತ್ತು ದಿನ ಆಸ್ಪತ್ರೆಯ ಮೆಟ್ಟಿಲ ಕೆಳಗೆ ಚಾದರ ಹಾಸಿ ನಮಾಜು ಮಾಡಿದಳು. ಮೆಹರಮ್ ಎಲ್ಲಿ ಎಂದು ಕೇಳುವವರು ಮೋರಿ ಎಲ್ಲಿ ಎಂದು ಎಂದಾದರೂ ಕೇಳಿದ್ದಾರೆಯೇ?

ಇದನ್ನು ಬರೆಯುವ ಹೊತ್ತಿಗೆ ಪಟ್ಟಿ ಎಂಟಕ್ಕೆ ಇಳಿದಿದೆ. ಆ ನಾಲ್ವರಲ್ಲಿ ಯಾರೂ ಬಿಟ್ಟಿಲ್ಲ, ನಮ್ಮ ಏಳರಲ್ಲಿ ಮೂವರು ಬಿಟ್ಟರು. ಒಬ್ಬಳ ಮಗ ಸೌದಿಯಿಂದ ಫೋನು ಮಾಡಿ ಬೈದ. ಒಬ್ಬಳಿಗೆ ಸೊಸೆಯ ಮುಂದೆ ಮಾತು ಕೇಳುವುದು ಬೇಡವೆನಿಸಿತು. ಮೂರನೆಯವಳು ಕಾರಣ ಹೇಳಲಿಲ್ಲ, ಡಬ್ಬಿಗೆ ಹಾಕಿದ ದುಡ್ಡನ್ನು ಮಾತ್ರ ವಾಪಸು ಕೇಳಲಿಲ್ಲ. ಪಿಯುಸಿ ಹುಡುಗಿಯ ಅಪ್ಪ ಇನ್ನೂ ಹೂಂ ಅಂದಿಲ್ಲ. ಅವಳು ಮಾತ್ರ ದಿನವೂ ಬಸ್ಸಿನ ಹೊತ್ತು ನೋಡುತ್ತಾಳೆ. ಉಳಿಯುವ ಜಾಗ ಇನ್ನೂ ಗೊತ್ತಾಗಿಲ್ಲ. ಬೆಂಗಳೂರಿನ ಓದುಗರಲ್ಲಿ ಯಾರ ಮನೆಯಲ್ಲಾದರೂ ಎಂಟು ಜನ ಹಾಸಿ ಮಲಗುವಷ್ಟು ಹಾಲೊಂದು ಎರಡು ರಾತ್ರಿ ಸಿಗುವಂತಿದ್ದರೆ, ಜಾತಿ ಯಾವುದಾದರೂ ಆಗಲಿ, ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಬೇಕಾಗಿ ವಿನಂತಿ. ರೊಟ್ಟಿ, ಚಟ್ನಿ ಅವರೇ ತರುತ್ತಾರೆ.

ಕಟ್ಟೆಯ ಹಿರಿಯರು ಕೊನೆಗೆ ಒಂದು ಮಧ್ಯದ ದಾರಿ ಹುಡುಕಿದರು. “ನೀವು ಅವರ ತಂಗಿಯ ಮಗ, ಮೆಹರಮ್. ನೀವು ಜತೆಗೆ ಹೋದರೆ ನಮ್ಮ ತಕರಾರಿಲ್ಲ” ಎಂದು ನಮಗೆ ಹೇಳಿಕಳಿಸಿದರು. ನಾವು ಖಾಲಾಗೆ ಮೆಹರಮ್ ಸರಿ, ಉಳಿದವರಿಗೆ ಏನು ಎಂದು ಅವರು ಯೋಚಿಸಿರಲಿಲ್ಲ. ಗುಂಪಿಗೊಬ್ಬ ಗಂಡಸು ಇದ್ದರೆ ಅವರ ಶರೀಯತ್ತಿಗೆ ಸಾಕಾಗಿತ್ತು. ನಾವು ಸ್ವಲ್ಪ ಆಸೆಯಿಂದಲೇ ಈ ಮಾತನ್ನು ಖಾಲಾಳ ಮುಂದೆ ಇಟ್ಟೆವು. ಅವಳು ಹತ್ತಿಯ ತೊಳೆ ಬಿಡಿಸುತ್ತ ತಲೆ ಎತ್ತದೆ ಹೇಳಿದಳು: “ನೀ ಬರಬ್ಯಾಡಪಾ. ನೀ ಬಂದ್ರ ಎಲ್ಲಾದಕ್ಕೂ ಲಗೂ ಲಗೂ ಅಂತೀ. ಗದಗ ಬಸ್‌ಸ್ಟ್ಯಾಂಡ್ ಮಟಾ ಚೀಲ ಹೊತ್ಕೊಂಡು ಬಾ, ಸಾಕು.”